ಕರಟದ ಮೇಲೆ ಬರೆದದ್ದು

ಕರಟದ ಹೊಗೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ನಾನಾಗ ಒಂದನೇ ಕ್ಲಾಸು. ಪುಸ್ತಕ ಹಿಡಿದರೆ ‘ಮ... ನೆ...’ ಎಂದು ಅಕ್ಷರ ಕೂಡಿಸುವಷ್ಟರಲ್ಲಿ ಅಳು ಬರುತ್ತಿತ್ತು. ಒಂದು ಮಧ್ಯಾಹ್ನ ಅಮ್ಮ, ಅಟ್ಟದಿಂದ ಇಳಿಸಿ ಸುಲಿದು ಹಾಕಿದ್ದ ಒಣಗಾಯಿಗಳ ರಾಶಿಯ ಪಕ್ಕ ನನ್ನನ್ನು ಕೂರಿಸಿಕೊಂಡು, ಒಂದೊಂದು ಕಾಯಿಯ ಮೇಲೂ ಸೀಮೆಸುಣ್ಣದಲ್ಲಿ ಒಂದೊಂದು ಪದ ಬರೆದಳು. ಮನೆ, ನಾನು, ಬಾ, ಇಲ್ಲ.

“ಅಕ್ಷರ ಕೂಡಿಸ್ಬೇಡ ಕಣೇ. ನಿಮ್ಮತ್ತೆ ಬಂದ್ರೆ ಕಣ್ಣು ಮೂಗು ಕೂಡಿಸ್ಕೊಂಡು ಗುರ್ತು ಹಿಡೀತೀಯಾ? ಹಂಗೇ ನೋಡು.”

ಹಾಗೇ ನೋಡಿದೆ. ತಡವರಿಸದೆ ಓದಿದೆ. ಓದಿದ ಕಾಯನ್ನು ಅಮ್ಮ ಒಡೆದು, ಕರಟ ಬಿಡಿಸಿ, ನುಣ್ಣನೆಯ ಉಂಡೆ ಕೊಬ್ಬರಿಯನ್ನು ನನ್ನ ಕೈಗಿಟ್ಟಳು.

ಅಷ್ಟರಲ್ಲಿ ತಾತ ಬಂದ. ‘ಬಂದರು’ ಎನ್ನಲು ನನಗೆ ಬಾಯಿ ಬರುವುದಿಲ್ಲ.

“ಮಾಲಿನ ಮೇಲೆಲ್ಲ ಸುಣ್ಣ ಬಳ್ದಿದ್ದೀಯಲ್ಲ, ಮಂಡೀಲಿ ಯಾರಮ್ಮ ತಗೋತಾರೆ?”

“ಕರಟ ಒಡ್ದೇ ತಾನೇ ಮಾವ ಮಂಡಿಗೆ ಹಾಕೋದು?”

“ನಂಗೇ ಪಾಠ ಹೇಳ್ತೀಯಾ? ಒರ್ಸು ಮೊದ್ಲು!”

ಕೊಬ್ಬರಿಯಲ್ಲೇ ಹುಟ್ಟಿ ಬೆಳೆದ ಮನುಷ್ಯನಿಗೆ ಅದು ಗೊತ್ತಿರಲಿಲ್ಲವೇ?

ಅಮ್ಮ ಸೆರಗಿನ ತುದಿ ಒದ್ದೆ ಮಾಡಿಕೊಂಡು ಉಳಿದ ಕಾಯಿಗಳನ್ನು ಒಂದೊಂದಾಗಿ ಒರೆಸಿದಳು. ಒರೆಸುವ ಮೊದಲು ಪ್ರತಿಯೊಂದನ್ನೂ ಒಂದು ಗಳಿಗೆ ನನ್ನತ್ತ ತಿರುಗಿಸಿ ಹಿಡಿದಳು. ನಾನು ಬಾಯಿ ಬಿಡದೆ ಓದಿದೆ. ಆಮೇಲೆ ಅವನ್ನೂ ಒಡೆದು ಕರಟ ಬಿಡಿಸಿದಳು.

ಸಂಜೆ ತಾತನ ಸ್ನಾನಕ್ಕೆ ಅದೇ ಕರಟಗಳು ಹಂಡೆಯ ಒಲೆ ಸೇರಿದವು.

“ನೀರು ಹದವಾಗಿ ಕಾದೈತೆ ಕಣಮ್ಮ” ಎಂದು ಬಚ್ಚಲಿನಿಂದ ಕೂಗಿದ.