ಎರಡನೇ ಜೊತೆ ಗಾಲಿ

ಶಂಭುಲಿಂಗಯ್ಯ ಬೈಕಿನ ಗಾಲಿಯನ್ನು ಎತ್ತಿ ಬೆರಳಗಂಟಿನಿಂದ ಟೈರನ್ನು ತಟ್ಟಿದ. ಸಾಲದೆಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

"ಕೊಬ್ರಿ ಅಲ್ಲ ಕಣ್ರೀ ಅದು, ಒಳ್ಗೆ ನೀರು ಇಂಗೈತಾ ಅಂತ ನೋಡಾಕೆ," ಎಂದಳು ಅವನ ಹೆಂಡತಿ ಶಾಂತಕುಮಾರಿ.

ತಿಪಟೂರಿನ ಬಸ್‌ಸ್ಟ್ಯಾಂಡಿನ ಪಕ್ಕದಲ್ಲೇ ಟೈರಿನ ಅಂಗಡಿ ಇಟ್ಟಿದ್ದ ಹುಚ್ಚರಂಗಯ್ಯ ಬಂದ ನಗುವನ್ನು ನುಂಗಿಕೊಂಡ. ದಂಡಿನಶಿವರದ ಈ ಗಂಡಹೆಂಡಿರು ಬಂದು ಬಹಳ ಹೊತ್ತಾಗಿತ್ತು. ಗಂಡ ಜಾವಾ ಬೈಕಿನ ಹಿಂದಿನ ಸೀಟಿಗೆ ಕೊಬ್ಬರಿ ಮೂಟೆ ಬಿಗಿದುಕೊಂಡು ಬಂದು ಮಂಡಿಗೆ ಹಾಕಿದ್ದ, ಹೆಂಡತಿ ಬಸ್ಸಿನಲ್ಲಿ ಬಂದಿದ್ದಳು. ಬೈಕು ಮನೆಗೆ ಬಂದಾಗಿನಿಂದ ಇವರ ಪ್ರಯಾಣವೆಲ್ಲ ಹೀಗೆಯೇ. ಆ ಸೀಟಿನ ಮೇಲೆ ತೆಂಗಿನಕಾಯಿ ಕೂತಿತ್ತು, ಹಿಂಡಿ ಕೂತಿತ್ತು, ಒಮ್ಮೆ ಜ್ವರ ಬಂದ ಕರುವೂ ಆಳಿನ ತೋಳಿನಲ್ಲಿ ಕೂತು ದನದ ಆಸ್ಪತ್ರೆಗೆ ಹೋಗಿ ಬಂದಿತ್ತು. ಶಾಂತಕುಮಾರಿ ಮಾತ್ರ ಕೂತಿರಲಿಲ್ಲ. ಕೇಳಿದಾಗಲೆಲ್ಲ ಶಂಭುಲಿಂಗಯ್ಯನದು ಒಂದೇ ಉತ್ತರ: ಇವು ತೋಟದ ಗಾಲಿ, ದಪ್ಪ ಹಲ್ಲಿನ ಟೈರು, ಟಾರು ರಸ್ತೆಯಲ್ಲಿ ಕುಕ್ಕುತ್ತವೆ, ಹೆಂಗಸರ ಸೊಂಟ ತಡೆಯುವುದಿಲ್ಲ. ರಸ್ತೆಗೆ ಅಂತಲೇ ಇನ್ನೊಂದು ಜೊತೆ ತರೋಣ, ಆಮೇಲೆ ಕೂರುವೆಯಂತೆ. ಆ ಇನ್ನೊಂದು ಜೊತೆ ತರುವ ದಿನ ಕೊನೆಗೂ ಬಂದಿತ್ತು. ಗಂಡನೊಬ್ಬನನ್ನೇ ಕಳಿಸಲು ಅವಳಿಗೆ ಧೈರ್ಯವಿರಲಿಲ್ಲ. ಹಬ್ಬಕ್ಕೆ ಸೀರೆ ತರುತ್ತೇನೆಂದು ಹೋಗಿ ಪಂಪಿಗೆ ಫುಟ್‌ವಾಲ್ವು ತಂದ ಮನುಷ್ಯ ಅವನು.

ಅವಳ ಭಯ ಸುಳ್ಳಾಗಲಿಲ್ಲ. ನುಣುಪು ಟೈರಿನ ರಸ್ತೆ ಗಾಲಿಗಳು ಎದುರಿಗೇ ಇದ್ದರೂ ಶಂಭುಲಿಂಗಯ್ಯನ ಕೈ ಮೂಲೆಯಲ್ಲಿದ್ದ ಇನ್ನೊಂದು ಜೊತೆಯ ಕಡೆಗೆ ಹೋಯಿತು. ಅವಕ್ಕೆ ಈಗಿರುವುದಕ್ಕಿಂತಲೂ ದಪ್ಪ ಹಲ್ಲು.

"ನೋಡೇ, ಎಂಥಾ ಹಲ್ಲು! ಮಳೆಗಾಲದಾಗೆ ನಾಲೆ ಏರಿ ಮ್ಯಾಲೆ ಎತ್ತಿನಂಗೆ ಹತ್ತತೈತೆ."

"ಅದು ತೋಟಕ್ಕಾಯ್ತು. ನಂಗೆ?"

ಶಂಭುಲಿಂಗಯ್ಯ ತಲೆ ಕೆರೆದುಕೊಂಡ. ಎರಡನ್ನೂ ಬಿಡಲಾರದೆ ಒಂದು ಉಪಾಯ ಹೂಡಿದ. "ಒಂದು ಕೆಲ್ಸ ಮಾಡಾನ. ಮುಂದ್ಕೆ ರಸ್ತೆ ಗಾಲಿ, ಹಿಂದ್ಕೆ ಹಲ್ಲಿನ ಗಾಲಿ. ನಿಂಗೂ ಆಯ್ತು, ತೋಟಕ್ಕೂ ಆಯ್ತು."

"ನಾನು ಕೂರಾದು ಹಿಂದ್ಗಡೆ ಕಣ್ರೀ!"

ಈ ಸಲ ಹುಚ್ಚರಂಗಯ್ಯ ಜೋರಾಗಿಯೇ ನಕ್ಕುಬಿಟ್ಟ. ನಗುತ್ತಲೇ ರಸ್ತೆ ಗಾಲಿಗಳನ್ನು ತೆಗೆದು ಬೈಕಿಗೆ ಜೋಡಿಸಲು ಕೂತ. ಅವನು ಕೊನೆಯ ನಟ್ಟು ಬಿಗಿದು ಏಳುವಷ್ಟರಲ್ಲಿ ಶಾಂತಕುಮಾರಿ ಸೆರಗು ಸಿಕ್ಕಿಸಿಕೊಂಡು ಹಿಂದಿನ ಸೀಟಿನ ಮೇಲೆ ಕೂತಾಗಿತ್ತು. ಆದರೆ ಶಂಭುಲಿಂಗಯ್ಯ ಬಿಚ್ಚಿದ ಹಳೇ ಗಾಲಿಗಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದ. ಮಾರನೆಯ ದಿನ ತೋಟದಲ್ಲಿ ಕಾಯಿ ಕೀಳಿಸುವುದಿತ್ತು, ಅವನ್ನು ಅಂಗಡಿಯಲ್ಲಿ ಬಿಟ್ಟು ಹೋಗುವಂತಿರಲಿಲ್ಲ. ಅವನ ಕಣ್ಣು ಅಭ್ಯಾಸಬಲದಿಂದ ಹಿಂದಿನ ಸೀಟಿಗೆ ಹೋಯಿತು.

"ಶಾಂತಾ, ಇವತ್ತೊಂದಿನ ಬಸ್ಸಿಗೆ ಬಂದ್ಬುಡು."

"ಗಾಲೀನೇ ಬಸ್ಸಿಗೆ ಹಾಕಿ. ಅವಕ್ಕೂ ಅಭ್ಯಾಸ ಆಗ್ಲಿ."

"ಟಾಪಿನ ಮ್ಯಾಲಿಂದ ಯಾರಾದ್ರೂ ಇಳಿಸ್ಕಂಡು ಹೋದ್ರೆ? ನೀನು ಜತೆಗಿದ್ರೆ ನಂಗೆ ಧೈರ್ಯ ಕಣೇ."

"ನಾನು ಇಳಿಯಾಕಿಲ್ಲ."

ಅಲ್ಲಿಯವರೆಗೆ ತಮಾಷೆಯಾಗಿದ್ದವಳು ಈಗ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಇವತ್ತು ಇಳಿದರೆ ಈ ಸೀಟು ಮತ್ತೆ ಮೂಟೆಯ ಪಾಲಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಷ್ಟರಲ್ಲಿ ದಂಡಿನಶಿವರದ ಬಸ್ಸು ಹಾರನ್ ಹೊಡೆಯಿತು. ಶಂಭುಲಿಂಗಯ್ಯ ಅವಳ ಮುಖ ನೋಡಿದ, ಗಾಲಿ ನೋಡಿದ, ಬಸ್ಸಿನ ಕಡೆಗೆ ಓಡಿದ. ಗಾಲಿಗಳನ್ನು ಟಾಪಿಗೆ ಏರಿಸಿ, ಹಗ್ಗ ಬಿಗಿದು, ಜೋಪಾನ ಜೋಪಾನ ಎಂದು ಕಂಡಕ್ಟರನಿಗೆ ಬೇಜಾರಾಗುವಷ್ಟು ಹೇಳಿ ಬಂದ.

ಅಂತೂ ಹೆಂಡತಿಯನ್ನು ಕೂರಿಸಿಕೊಂಡು ಹೊರಟ, ಆದರೆ ಬಸ್ಸಿನ ಹಿಂದೆಯೇ. ಅದು ಮುಂದೆ ಹೋದರೆ ಇವನೂ ಮುಂದೆ, ಅದು ನಿಂತರೆ ಇವನೂ ಕಾಲೂರಿ ನಿಂತು ಟಾಪಿನ ಕಡೆಗೆ ಕತ್ತೆತ್ತಿ ನೋಡುವುದು. ಹೊಗೆ, ಧೂಳು ಎಲ್ಲ ಇಬ್ಬರ ಮುಖಕ್ಕೇ ರಾಚುತ್ತಿತ್ತು. ಹೀಗೆ ಒಂದು ಸ್ಟಾಪಿನಲ್ಲಿ ನಿಂತಾಗ ಹಿಂದಿನ ಕಿಟಕಿಯಿಂದ ಅವರೂರಿನ ಕೆಂಪಕ್ಕ ತಲೆ ಹಾಕಿದಳು.

"ಯಾಕೆ ಶಂಭುಲಿಂಗಣ್ಣ, ಬಸ್ಸಿನ ಹಿಂದ್‌ಹಿಂದೇ ಬತ್ತಾ ಇದೀಯ? ಶಾಂತಕ್ಕ ಬಸ್ಸಿನಾಗಿಲ್ಲ ಕಣಪ್ಪ, ನಿನ್ ಬೆನ್ನಿಗೇ ಕುಂತವ್ಳೆ!"

ಬಸ್ಸಿಗೆ ಬಸ್ಸೇ ನಕ್ಕಿತು. ಶಂಭುಲಿಂಗಯ್ಯ ಹಿಂತಿರುಗಿ ನೋಡಿದ. ಹೆಂಡತಿ ಮುಡಿದಿದ್ದ ಕನಕಾಂಬರ ಧೂಳಿನಲ್ಲಿ ಬಣ್ಣಗೆಟ್ಟಿತ್ತು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು. ಗೇರು ಹಾಕಿ ಹಾರನ್ ಒತ್ತಿದವನು ಬಸ್ಸನ್ನು ದಾಟಿ ಮುಂದಕ್ಕೆ ಹೋಗಿಯೇಬಿಟ್ಟ.

ರಸ್ತೆ ಬಿಕೋ ಎನ್ನುತ್ತಿತ್ತು. ಎರಡೂ ಕಡೆ ತೆಂಗಿನ ತೋಟ, ತಣ್ಣಗೆ ಗಾಳಿ. ಹೊಸ ಗಾಲಿಗಳು ಸದ್ದಿಲ್ಲದೆ ಓಡುತ್ತಿದ್ದವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಶಂಭುಲಿಂಗಯ್ಯನಿಗೆ ತಡೆಯಲಾಗಲಿಲ್ಲ.

"ಶಾಂತಾ, ಟಾಪಿನ ಮ್ಯಾಲೆ ಗಾಲಿ ಕಾಣ್ತಾವಾ?"

"ಹ್ಞೂಂ, ಅಲ್ಲೇ ಅವೆ. ನಾನು ನೋಡ್ಕಂತಾನೇ ಇದೀನಿ, ನೀವು ಮುಂದೆ ನೋಡ್ಕಂಡು ಹೊಡೀರಿ," ಎಂದಳು ಶಾಂತಕುಮಾರಿ, ಎದುರುಗಾಳಿಗೆ ಮುಖವೊಡ್ಡಿ. ಅವಳು ಒಮ್ಮೆಯೂ ಹಿಂದಕ್ಕೆ ತಿರುಗಿರಲಿಲ್ಲ.