ಪರದೆ ಬೀಳುವ ತನಕ

"ಹೆದರಬ್ಯಾಡ ಯವ್ವಾ. ನಲವತ್ತು ವರ್ಷ ಕಂಪನಿ ನಾಟಕದಾಗ ದಿನಾ ಕುತ್ತಿಗಿ ಹಿಚುಕೀನಿ. ಒಬ್ಬಾಕಿನೂ ಸತ್ತಿಲ್ಲ," ಎಂದು ಮುದಿ ಖಳನಾಯಕ ನಕ್ಕ. ಅದು ಅವನ ಮೊದಲ ಸಿನಿಮಾ. ಆ ಅಗಲವಾದ ಅಂಗೈಗಳನ್ನು ನೋಡಿಯೇ ನಾಯಕಿ ಒಂದು ಹೆಜ್ಜೆ ಹಿಂದೆ ಸರಿದಿದ್ದಳು.

ಕ್ಯಾಮೆರಾ ಓಡಿತು. ಬೆರಳುಗಳು ನಿಜವಾಗಿಯೇ ಕುತ್ತಿಗೆ ಹಿಚುಕಿದವು.

"ಕಟ್!" ಎಂದು ನಿರ್ದೇಶಕ ಕೂಗಿದ. ಹಿಡಿತ ಸಡಿಲವಾಗಲಿಲ್ಲ. "ಕಟ್! ಬಿಡ್ರೀ, ಕಟ್!" ಹಿಡಿತ ಇನ್ನೂ ಬಿಗಿಯಾಯಿತು. ಉಸಿರು ಸಿಗದೆ ಅವಳಿಗೆ ಕಣ್ಣು ಕತ್ತಲೆ ಬಂತು. ಇವನು ಕೊಂದೇಬಿಡುತ್ತಾನೆ ಎಂದು ಖಾತ್ರಿಯಾಯಿತು.

ಅವನ ಕಂಪನಿಯಿಂದಲೇ ಬಂದಿದ್ದ ಮೇಕಪ್‌ನವನು ಓಡಿಬಂದು, ನಾಟಕದಲ್ಲಿ ಪರದೆ ಬೀಳಿಸಲು ಊದುವ ಸೀಟಿ ಊದಿದ. ಕೈಗಳು ತಟ್ಟನೆ ಕಳಚಿಕೊಂಡವು.

ಮುದುಕ ಗಾಬರಿಯಿಂದ ಅವಳನ್ನು ಎತ್ತಿ ಕೂರಿಸಿ, ಎಲ್ಲರ ಮೇಲೂ ಹರಿಹಾಯ್ದ: "ಸೀಟಿ ಊದಾಕ ಇಷ್ಟು ತಡಾ ಏನ್ರೋ? ಹುಡುಗಿ ಖರೇನ ಸಾಯ್ತಿದ್ಲಲ್ಲೋ!"