ಮೊದಲ ತುತ್ತು

ನನ್ನ ಕೈತುತ್ತನ್ನು ಒಲ್ಲೆ ಅಂದವರು ದಾವಣಗೆರೆಯಲ್ಲಿ ಇನ್ನೂ ಹುಟ್ಟಿಲ್ಲ, ತಿಂದು ಕೆಟ್ಟವರೂ ಇಲ್ಲ. ಈ ಮಾತಿನಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂಬುದು, ಪಶುವೈದ್ಯೆ ನೇತ್ರಾವತಿ ನಮ್ಮ ಬೊಮ್ಮಣ್ಣನ ಬಾಯಿ ಬಿಡಿಸಿ ನೋಡಿದ ದಿನ ನನಗೆ ಎರಡನೇ ಸಲ ತಿಳಿಯಿತು.

ಬೊಮ್ಮಣ್ಣ ಮನುಷ್ಯನಲ್ಲ, ಫೆರೆಟ್. ಮುಂಗುಸಿಯ ತಮ್ಮನಂತಿರುವ, ಮೊಳದುದ್ದದ ಬಿಳಿ ಪ್ರಾಣಿ. ವಿದ್ಯಾನಗರದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಪದ್ಮಶ್ರೀ ಓದು ಮುಗಿಸಿ ಊರಿಗೆ ಹೊರಟಾಗ, ಅಪ್ಪ ಬೈಯುತ್ತಾರೆಂದು ಇದನ್ನೂ, ಅಂಗಡಿಯಿಂದ ತರುತ್ತಿದ್ದ ಇದರ ಒಣ ತಿಂಡಿಯ ಡಬ್ಬಿಯನ್ನೂ ನನ್ನ ಮಡಿಲಿಗೆ ಹಾಕಿ ಹೋದಳು. ಆಗ ಯಜಮಾನರು ತೀರಿಕೊಂಡು ತಿಂಗಳಾಗಿತ್ತು. ಆ ತಿಂಡಿ ಮುಗಿದ ಮೇಲೆ ಹಾಲು, ಅನ್ನ, ಬೆಲ್ಲ ಕಲಸಿಟ್ಟೆ. ಮುಟ್ಟಲಿಲ್ಲ. ನಾನೇ ಒಂದು ತುತ್ತು ತಿಂದು ತೋರಿಸಿದೆ. ನನ್ನ ಬಾಯಿ ಮೂಸಿ ನೋಡಿ, ಆಮೇಲೆ ತಿಂದಿತು. ಅಂದಿನಿಂದ ಅದೇ ಪದ್ಧತಿ. ಮೊದಲ ತುತ್ತು ನನ್ನದು, ಉಳಿದದ್ದು ಅದರದು. ದಿನಾ ಅದರ ಹಣೆಗೆ ವಿಭೂತಿ ಹಚ್ಚಿ, ನಮ್ಮ ಬೊಮ್ಮಣ್ಣ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವುದಿಲ್ಲ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಹೋದ ತಿಂಗಳು ಅದು ನೀರಿನ ಬಟ್ಟಲ ಪಕ್ಕ ಹಿಂಗಾಲು ಸೋತು ಬಿತ್ತು. ಬಾಯಲ್ಲಿ ನೊರೆ. ನೇತ್ರಾವತಿ ರಕ್ತ ತೆಗೆದು ನೋಡಿ, ಏನು ಹಾಕುತ್ತೀರಿ ಎಂದು ಕೇಳಿದಳು. ಹೆಮ್ಮೆಯಿಂದಲೇ ಹೇಳಿದೆ.

"ಅಮ್ಮಾ, ಇದು ಮಾಂಸ ತಿಂದೇ ಬದುಕೋ ಜೀವ. ಅನ್ನ, ಬೆಲ್ಲ ಇದಕ್ಕೆ ವಿಷ ಇದ್ದಂಗೆ. ಇವತ್ತಿಂದ ಹಸಿ ಮಾಂಸ ಹಾಕ್ರಿ. ಇಲ್ಲಾಂದ್ರೆ ತಿಂಗಳು ಉಳಿಯಂಗಿಲ್ಲ."

ಇಂಥದೇ ಮಾತನ್ನು ಇನ್ನೊಬ್ಬ ಡಾಕ್ಟರು ಯಜಮಾನರ ವಿಷಯದಲ್ಲಿ ಹೇಳಿದ್ದರು. ಸಕ್ಕರೆ ಕಾಯಿಲೆ, ಸಿಹಿ ಮುಟ್ಟಿಸಬೇಡಿ ಎಂದಿದ್ದರು. ಒಂದು ತುತ್ತಿಗೆ ಏನಾಗುತ್ತದೆ ಎಂದು ನಾನು ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ ಬಾಯಿಗಿಡುತ್ತಿದ್ದೆ. ನನ್ನ ಕೈ ಅಂದರೆ ಅವರು ಒಲ್ಲೆ ಅನ್ನುತ್ತಿರಲಿಲ್ಲ. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಅವರೇ.

ದಾವಣಗೆರೆಯಲ್ಲಿ ಕೋಳಿ ಅಂಗಡಿ ಮುಂದೆ ನಿಂತರೆ ಹತ್ತು ಸಾವಿರ ಜನ ನನ್ನ ಗುರುತು ಹಿಡಿಯುತ್ತಾರೆ. ಹತ್ತು ಜನ ಇರಬಹುದು, ಆದರೆ ಒಬ್ಬೊಬ್ಬರಿಗೂ ಸಾವಿರ ನಾಲಿಗೆ. ಹಾಗಾಗಿ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಅಲ್ಲಿ ಹಜೀರಾಬೀ ಎಂಬ, ನನ್ನಷ್ಟೇ ಹಲ್ಲು ಉದುರಿದ ಹೆಂಗಸು ಅಂಗಡಿಯಲ್ಲಿ ಕೂತಿದ್ದಳು.

"ಯಾರಿಗಮ್ಮ, ಮನ್ಯಾಗೆ ಬಾಣಂತಿ ಅದಾರೇನು?"

"ಇಲ್ಲವ್ವ, ನಮ್ಮ ಬೊಮ್ಮಣ್ಣಗೆ."

"ಅವ್ರು ಯಾರು, ನಿಮ್ಮ ಯಜಮಾನ್ರಾ?"

"ಅವ್ರಿಗಿಂತ ಹಟಮಾರಿ."

ಅವಳು ನಕ್ಕಳು. ನನ್ನ ಹಣೆಯ ವಿಭೂತಿ, ತಾಳಿಯಿಲ್ಲದ ಕೊರಳು, ಅಲ್ಲಿ ತೂಗುತ್ತಿದ್ದ ಲಿಂಗದ ಬೆಳ್ಳಿ ಕರಡಿಗೆ ಕಂಡು ನಗು ನಿಲ್ಲಿಸಿದಳು. ಮತ್ತೇನೂ ಕೇಳದೆ ಸಣ್ಣಗೆ ಕೊಚ್ಚಿ, ಕವರಿನೊಳಗೆ ಕವರು ಹಾಕಿ, ಹಳೆ ಪೇಪರು ಸುತ್ತಿ, ನನ್ನ ಕೈಗೆ ತಾಗದಂತೆ ತಾನೇ ಚೀಲದಲ್ಲಿಟ್ಟಳು.

ಬೊಮ್ಮಣ್ಣ ಅದನ್ನು ಮೂಸಿ, ನನ್ನ ಮುಖ ನೋಡಿ ಕೂತ. ಸಂಜೆಯೂ ಅಷ್ಟೆ. ಮಾರನೆಯ ದಿನ ಬೆಳಿಗ್ಗೆ ಕರೆದರೂ ಏಳಲಿಲ್ಲ. ನೇತ್ರಾವತಿಗೆ ಫೋನು ಮಾಡಿದೆ. ಇನ್ನೊಂದು ಹೊತ್ತು ಉಪವಾಸ ಬಿದ್ದರೆ ಕಷ್ಟ ಎಂದು ಹೇಳಿ, ಮುಂಚೆ ಹೇಗೆ ತಿನ್ನಿಸುತ್ತಿದ್ದಿರಿ ಎಂದು ಕೇಳಿದಳು. ಮೊದಲ ತುತ್ತಿನ ಪದ್ಧತಿ ಹೇಳಿದೆ.

"ಅಮ್ಮಾ, ನೀವು ಮಾತ್ರ ಬಾಯಿಗೆ ಹಾಕ್ಕೋಬ್ಯಾಡ್ರಿ. ಹಸಿ ಮಾಂಸ ಅದು, ಹೊಟ್ಟೆ ಕೆಡತೈತೆ. ಅದರ ತುಟಿಗೆ ಸವರಿ ನೋಡ್ರಿ."

ನನ್ನ ಹೊಟ್ಟೆಯ ಚಿಂತೆ ಅವಳಿಗೆ. ತುಟಿಗೆ ಸವರಿದೆ, ನೆಲಕ್ಕೆ ಒರೆಸಿಕೊಂಡಿತು. ಮನಸ್ಸು ತಡೆಯದೆ ಹಾಲು-ಅನ್ನದ ಬಟ್ಟಲು ತಂದೆ. ಬಿದ್ದುಕೊಂಡಿದ್ದ ಜೀವ ತಲೆ ಎತ್ತಿತು. ಹೋಳಿಗೆ ತಟ್ಟೆ ಕಂಡಾಗ ಅವರೂ ಹೀಗೇ ಎತ್ತುತ್ತಿದ್ದರು. ಬಟ್ಟಲನ್ನು ಹಾಗೇ ಒಯ್ದು ಮೋರಿಗೆ ಸುರಿದೆ.

ಬಂದು ಎದುರಿಗೆ ಕೂತು, ಮಾಂಸದ ಚೂರನ್ನು ತುಟಿಯ ಹತ್ತಿರ ಹಿಡಿದು, ಸುಮ್ಮನೆ ದವಡೆ ಆಡಿಸಿದೆ. ಬೊಮ್ಮಣ್ಣ ತೆವಳಿಕೊಂಡು ಬಂದು ನನ್ನ ಬಾಯಿ ಮೂಸಿದ. ಊರಿಗೆಲ್ಲ ಸುಳ್ಳು ಹೇಳಿ ದಕ್ಕಿಸಿಕೊಂಡವಳಿಗೆ ಅದೊಂದರ ಹತ್ತಿರ ಆಗಲಿಲ್ಲ. ಮತ್ತೆ ಹೋಗಿ ಮಲಗಿತು. ಹೊಟ್ಟೆ ಏರುವುದು ಇಳಿಯುವುದು ಕಾಣದಷ್ಟು ನಿಧಾನವಾಯಿತು.

ನಾನು ಎದ್ದು ಬಾಗಿಲ ಚಿಲಕ ಹಾಕಿದೆ. ಮದುವೆಗಿಂತ ಮೊದಲಿಂದ ಎದೆಯ ಮೇಲಿರುವ ಲಿಂಗದ ಕರಡಿಗೆಯನ್ನು, ದಾರ ಹಿಡಿದು, ಬೆನ್ನ ಕಡೆಗೆ ತಿರುಗಿಸಿದೆ. ಆಮೇಲೆ ಆ ಚೂರನ್ನು ಕೈಗೆ ತೆಗೆದುಕೊಂಡೆ.

ಮುಂದಿನದನ್ನು ನಾನು ಹೇಳುವುದಿಲ್ಲ. ಈಗ ದಿನಾ ಬೊಮ್ಮಣ್ಣ ಬಟ್ಟಲು ಖಾಲಿ ಮಾಡಿದ ಮೇಲೆ, ಲಿಂಗಪೂಜೆಗೆ ಕೂಡುವ ಮೊದಲು ನೂರು ಸಲ ಬಾಯಿ ಮುಕ್ಕಳಿಸುತ್ತೇನೆ. ನೂರು ಸುಳ್ಳು, ಹತ್ತು ಸಲ. ಯಾಕೆ ಅನ್ನುವುದನ್ನು ನೀವೇ ಊಹಿಸಿ ಹೇಳಿ.